ಟೋಕನ್ ಇಲ್ಲದ ತಕ್ರಾರು

ಮಹಾರಾಷ್ಟ್ರದಲ್ಲಿ ತಾಲ್ಲೂಕು ಮಟ್ಟದ ಲೋಕಶಾಹಿ ದಿನ ನಡೆಯುವುದು ತಿಂಗಳ ಮೂರನೇ ಸೋಮವಾರ. ಅಕ್ಕಲಕೋಟೆ ತಾಲ್ಲೂಕಿನವರು ಅಂದು ತಹಸೀಲ್ದಾರರ ಮುಂದೆ ತಮ್ಮ ತಕ್ರಾರು ಇಡುತ್ತಾರೆ. ಅಲ್ಲಿ ಬಗೆಹರಿಯದಿದ್ದರೆ ಸೊಲ್ಲಾಪುರದ ಜಿಲ್ಲಾಧಿಕಾರಿ ಕಚೇರಿ, ಅಲ್ಲಿಯ ಲೋಕಶಾಹಿ ದಿನ ಮೊದಲ ಸೋಮವಾರ. ಆದರೆ ತಾಲ್ಲೂಕು ಬಿಟ್ಟು ನೇರ ಸೊಲ್ಲಾಪುರದ ಬಸ್ಸು ಹತ್ತಿದವರಿಗೆ ಅಲ್ಲಿ ಎದುರಾಗುವ ಮೊದಲ ಪ್ರಶ್ನೆಯೇ ತಾಲ್ಲೂಕಿನ ಟೋಕನ್ ನಂಬರ್ ಎಲ್ಲಿ ಅಂತ. ಅರ್ಜಿ ಗೊತ್ತುಪಡಿಸಿದ ನಮೂನೆಯಲ್ಲಿರಬೇಕು, ತಕ್ರಾರು ಅರ್ಜಿದಾರನ ಸ್ವಂತದ್ದಾಗಿರಬೇಕು. ಕಚೇರಿ ಓಡಾಡಿ ಗೊತ್ತಿದ್ದವರು ಅರ್ಜಿಯ ಎರಡನೇ ಪ್ರತಿಯ ಮೇಲೆ ಶಿಕ್ಕಾ ಹೊಡೆಸಿಕೊಂಡು ‘ಪೋಚ್’, ಅಂದರೆ ಸ್ವೀಕೃತಿ, ಇಟ್ಟುಕೊಳ್ಳದೆ ಮೆಟ್ಟಿಲು ಇಳಿಯುವುದಿಲ್ಲ.

ಈ ಶಿಸ್ತು ಅಪ್ಪಂದಿರಿಗೆ ಗೊತ್ತು, ಅವರ ಮಕ್ಕಳು ಕೈಯಲ್ಲಿ ಹಿಡಿದಿರುವ ಮೊಬೈಲ್ ಆಟದ ವಿಷಯದಲ್ಲಿ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಬಿಜಿಎಂಐ ಆಗಲಿ ಫ್ರೀ ಫೈರ್ ಮ್ಯಾಕ್ಸ್ ಆಗಲಿ, ಹೊಸ ಅಪ್‌ಡೇಟ್ ಬಂದ ರಾತ್ರಿ ವಾಟ್ಸಾಪ್ ಗುಂಪುಗಳಲ್ಲಿ ಹರಿಯುವ ಮಾತು ಇಂಥದ್ದು: ‘ಅಣ್ಣಾ, ಅಪ್‌ಡೇಟ್ ಮಾಡಿದಾಗಿಂದ ಗೇಮ್ ಹ್ಯಾಂಗ್ ಆಗಾಕತ್ತದ.’ ‘ನಂದೂ ಹಂಗ.’ ‘ಫೋನ ಬದಲ್ ಮಾಡಲೇ ದೋಸ್ತ.’ ಆಮೇಲೆ ಒಂದು ನಗುವ ಚಿತ್ರ, ಯಾರದೋ ಹುಟ್ಟುಹಬ್ಬದ ಶುಭಾಶಯ. ಬೆಳಗಾಗುವಷ್ಟರಲ್ಲಿ ತಕ್ರಾರು ಮೇಲೆ ಮೇಲಕ್ಕೆ ಸರಿದು ಕಣ್ಮರೆ. ಆಟ ತಯಾರಿಸಿದ ಕಂಪನಿಗೆ ಅದರ ಸುಳಿವೂ ಇಲ್ಲ. ಬಿಜಿಎಂಐ ದಕ್ಷಿಣ ಕೊರಿಯಾದ ಕ್ರಾಫ್ಟನ್ ಕಂಪನಿಯದು, ಫ್ರೀ ಫೈರ್ ಸಿಂಗಪುರದ ಗರೆನಾದ್ದು. ಅಕ್ಕಲಕೋಟೆ ತಾಲ್ಲೂಕಿನ ದುಧನಿಯ ಗುಂಪಿನ ಮಾತು ಅಲ್ಲಿಯವರೆಗೆ ತನ್ನಷ್ಟಕ್ಕೆ ತಾನೇ ನಡೆದುಹೋಗುವುದಿಲ್ಲ.

ಹಾಗೆಂದು ಹುಡುಗರನ್ನೇ ದೂರುವುದು ಸರಿಯಲ್ಲ. ಅವರ ಆಟಗಳ ಇತಿಹಾಸವೇ ಅಂಥದ್ದು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಇತರ 117 ಆ್ಯಪ್‌ಗಳ ಜೊತೆ ಪಬ್‌ಜಿ ಮೊಬೈಲನ್ನು ನಿಷೇಧಿಸಿತು. ಅದರ ಭಾರತೀಯ ರೂಪವಾದ ಬಿಜಿಎಂಐ 2021ರ ಜುಲೈನಲ್ಲಿ ಬಂತು, 2022ರ ಜುಲೈನಲ್ಲಿ ಪ್ಲೇ ಸ್ಟೋರ್‌ನಿಂದ ಮಾಯವಾಯಿತು, 2023ರ ಮೇ ತಿಂಗಳಲ್ಲಿ ಮರಳಿತು. ಫ್ರೀ ಫೈರ್ 2022ರ ಫೆಬ್ರುವರಿಯಲ್ಲಿ ನಿಷೇಧಗೊಂಡಾಗ ಆಡುವವರು ಅದರ ಮ್ಯಾಕ್ಸ್ ರೂಪಕ್ಕೆ ಹೊರಳಿದರು. ಇಷ್ಟು ಸಲ ಮನೆ ಬದಲಾದ ಮೇಲೆ ‘ಅಧಿಕೃತ’ ಎಂಬ ಬಾಗಿಲು ಯಾವುದು ಎಂಬುದೇ ಗೊಂದಲ. ಆ ವರ್ಷಗಳಲ್ಲಿ ಹುಡುಗರಿಗೆ ಸುದ್ದಿ ಕೊಟ್ಟವರು ಯೂಟ್ಯೂಬಿನವರು. ತಕ್ರಾರೂ ಅಲ್ಲಿಗೇ ಹೋಗುವುದು ರೂಢಿಯಾಯಿತು.

ಕಂಪನಿಗಳು ಆಟದೊಳಗೇ ಗ್ರಾಹಕ ಸೇವೆಯ ಕಿಟಕಿ ಇಟ್ಟಿರುತ್ತವೆ. ಅಲ್ಲಿ ಬರೆದರೆ ನಂಬರ್ ಸಿಗುತ್ತದೆ. ಆದರೆ ನಂಬರ್ ಸಿಕ್ಕ ಮಾತ್ರಕ್ಕೆ ಕೆಲಸ ಆಗುತ್ತದೆಯೇ? ಅದು ಆ ಕಡೆ ಕುಳಿತವರಿಗೆ ನಾವು ಏನು ಕೊಡುತ್ತೇವೆ ಎನ್ನುವುದರ ಮೇಲಿದೆ.

ಆ ಕಡೆಯ ಎಂಜಿನಿಯರ್ ಮೊದಲು ಮಾಡಬೇಕಾದ ಕೆಲಸ ಬಗ್ ತಿದ್ದುವುದಲ್ಲ, ಅದೇ ಬಗ್ಗನ್ನು ತನ್ನ ಮೇಜಿನ ಮೇಲಿನ ಫೋನಿನಲ್ಲಿ ಮತ್ತೊಮ್ಮೆ ಹುಟ್ಟಿಸುವುದು. ಕಣ್ಣಿಗೆ ಬೀಳದ ತಪ್ಪನ್ನು ತಿದ್ದಲು ಬರುವುದಿಲ್ಲ. ಪುಟ್ಟಿ ಎಂಬ ಜನಪ್ರಿಯ ತಂತ್ರಾಂಶ ಬರೆದ ಬ್ರಿಟನ್ನಿನ ಸೈಮನ್ ಟಾಥಮ್, ಬಗ್ ವರದಿ ಮಾಡುವ ಬಗೆಯ ಕುರಿತು 1999ರಲ್ಲಿ ಒಂದು ಪ್ರಬಂಧ ಬರೆದರು. ಅದರ ಇಡೀ ಒತ್ತು ಇದರ ಮೇಲೆಯೇ: ಪ್ರೋಗ್ರಾಂ ಸೋಲುವುದನ್ನು ಬರೆದವನ ಕಣ್ಣೆದುರು ತೋರಿಸಿ, ಅದಾಗದಿದ್ದರೆ ಅವನೇ ಸೋಲಿಸಿ ನೋಡುವಷ್ಟು ವಿವರ ಕೊಡಿ. ನಮ್ಮ ಊಹೆ ಬೇರೆ, ನಾವು ಕಂಡದ್ದು ಬೇರೆ. ‘ಸರ್ವರ್ ಹಾಳಾಗ್ಯಾದ’ ಎಂಬುದು ಊಹೆ. ‘ಜೀಪಿನಿಂದ ಇಳಿದ ಕೂಡಲೇ ಪರದೆ ಕಪ್ಪಾಯಿತು, ಸದ್ದು ಮಾತ್ರ ಕೇಳುತ್ತಿತ್ತು’ ಎಂಬುದು ಕಂಡದ್ದು. ಎಂಜಿನಿಯರಿಗೆ ಬೇಕಾದದ್ದು ಎರಡನೆಯದು.

ಹಾಗಾಗಿ ಒಳ್ಳೆಯ ವರದಿಗೆ ಮೂರು ಸಾಲು ಸಾಕು. ನಾನು ಏನು ಮಾಡಿದೆ, ಏನು ಆಗಬೇಕಿತ್ತು, ಏನು ಆಯಿತು. ಜೊತೆಗೆ ಫೋನಿನ ಮಾದರಿ, ಆಂಡ್ರಾಯ್ಡ್ ಆವೃತ್ತಿ, ಆಟದ ಆವೃತ್ತಿ, ದಿನಾಂಕ, ಗಂಟೆ, ವೈಫೈಯೋ ಸಿಮ್ ಡೇಟಾವೋ, ಹತ್ತು ಸಲ ಮಾಡಿದರೆ ಎಷ್ಟು ಸಲ ಹೀಗಾಗುತ್ತದೆ. ಕೊನೆಯದು ಬಹಳ ಮುಖ್ಯ. ಪ್ರತಿ ಸಲ ಆಗುವ ಬಗ್ ಹಿಡಿಯುವುದು ಸುಲಭ. ಎರಡು ಕೆಲಸ ಒಂದೇ ಗಳಿಗೆಯಲ್ಲಿ ಡಿಕ್ಕಿ ಹೊಡೆದಾಗ ಮಾತ್ರ ಕಾಣಿಸಿಕೊಳ್ಳುವ ಬಗ್ ತಿಂಗಳುಗಟ್ಟಲೆ ತಲೆ ತಿನ್ನುತ್ತದೆ.

ನಮ್ಮ ಕಡೆಯ ಎರಡು ಸಂಗತಿಗಳನ್ನು ಇಲ್ಲಿ ಹೇಳಲೇಬೇಕು. ‘ಲ್ಯಾಗ್’ ಎಂದು ಒಂದೇ ಹೆಸರಿನಲ್ಲಿ ಕರೆಯುವುದರಲ್ಲಿ ಹಲವು ರೋಗಗಳಿವೆ. ಸೊಲ್ಲಾಪುರದ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಸಿಯಾದ ಫೋನು ತನ್ನನ್ನು ಉಳಿಸಿಕೊಳ್ಳಲು ಪ್ರೊಸೆಸರ್ ವೇಗವನ್ನು ತಾನೇ ಇಳಿಸುತ್ತದೆ, ಆಗ ಆಟ ತಡವರಿಸುತ್ತದೆ. ಇದು ಆಟದ ಬಗ್ ಅಲ್ಲ. ಮಧ್ಯಾಹ್ನ ತಗಡಿನ ಮಾಡಿನ ಕೆಳಗೆ ಆಡಿದಾಗ ತಡವರಿಸಿ, ರಾತ್ರಿ ತಂಪಿನಲ್ಲಿ ಸರಾಗ ಓಡಿದರೆ ಕಂಪನಿಗೆ ಬರೆಯುವ ಮೊದಲು ಫೋನಿನ ಹಿಂಭಾಗದ ಕವರ್ ಕಳಚಿ ನೋಡಬಹುದು. ಎರಡನೆಯದು ಟವರು. ದುಧನಿ, ಮೈಂದರ್ಗಿಯಂಥ ಗಡಿಯ ಊರುಗಳಲ್ಲಿ ಫೋನು ಒಮ್ಮೆ ಮಹಾರಾಷ್ಟ್ರದ ಟವರ್ ಹಿಡಿದರೆ ಒಮ್ಮೆ ಕರ್ನಾಟಕದ್ದು ಹಿಡಿಯುತ್ತದೆ. ಪರದೆಯ ಮೂಲೆಯಲ್ಲಿ ಸರ್ವರಿನ ಉತ್ತರ ಬರಲು ಹಿಡಿಯುವ ಸಮಯ ತೋರಿಸುವ ಪಿಂಗ್ ಸಂಖ್ಯೆ ಏಕಾಏಕಿ ಏರಿ, ಅದೇ ಗಳಿಗೆಯಲ್ಲಿ ಆಟಗಾರ ಹಿಂದಕ್ಕೆ ಜಿಗಿದಂತೆ ಕಂಡರೆ ಅದು ಜಾಲದ ತೊಂದರೆ. ಪಿಂಗ್ ಸ್ಥಿರವಾಗಿದ್ದೂ ಹಾಗಾದರೆ ಆಗ ಬರೆಯಲು ಕಾರಣ ಉಂಟು. ಈ ವ್ಯತ್ಯಾಸ ಗೊತ್ತಿಲ್ಲದೆ ಹೋದ ನೂರು ‘ಲ್ಯಾಗ್’ ವರದಿಗಳ ರಾಶಿಯಲ್ಲಿ ನಿಜವಾದ ಒಂದು ಬಗ್ ಮುಚ್ಚಿಹೋಗುತ್ತದೆ.

ವಿವರದ ಬೆಲೆ ಎಷ್ಟೆಂಬುದಕ್ಕೆ ಜಿಟಿಎ ಆನ್‌ಲೈನ್ ಆಟದ ಪ್ರಸಂಗಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2013ರಲ್ಲಿ ಶುರುವಾದ ಆ ಆಟ ಕಂಪ್ಯೂಟರಿನಲ್ಲಿ ತೆರೆದುಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುತ್ತಿತ್ತು. ವರ್ಷಗಟ್ಟಲೆ ಜಗತ್ತಿನ ಲಕ್ಷಾಂತರ ಮಂದಿ ‘ನಿಧಾನ, ನಿಧಾನ’ ಎಂದು ಗೊಣಗಿದರು, ಏನೂ ಆಗಲಿಲ್ಲ. 2021ರ ಫೆಬ್ರುವರಿಯಲ್ಲಿ ಟಿ0ಎಸ್‌ಟಿ ಎಂಬ ಅಡ್ಡಹೆಸರಿನ ಆಟಗಾರನೊಬ್ಬ ಆ ನಿಮಿಷಗಳಲ್ಲಿ ಪ್ರೊಸೆಸರ್ ಏನು ಮಾಡುತ್ತಿದೆ ಎಂದು ಅಳೆದು ನೋಡಿದ. ಆಟದೊಳಗೆ ಮಾರಾಟಕ್ಕಿರುವ ವಸ್ತುಗಳ ಒಂದು ಪಟ್ಟಿ, ಸುಮಾರು 10 ಎಂಬಿ ಗಾತ್ರದ್ದು, ಅದರಲ್ಲಿ 63 ಸಾವಿರದಷ್ಟು ನಮೂದುಗಳು. ಪ್ರತಿಯೊಂದು ತುಣುಕು ಓದುವಾಗಲೂ ಪ್ರೋಗ್ರಾಂ ಪಟ್ಟಿ ಎಲ್ಲಿಗೆ ಮುಗಿಯುತ್ತದೆ ಎಂದು ಕೊನೆಯವರೆಗೂ ಅಳೆದುಕೊಂಡು ಬರುತ್ತಿತ್ತು. ಓದಿದ ವಸ್ತು ಮೊದಲೇ ಬಂದಿದೆಯೇ ಎಂದು ನೋಡಲು ಹಿಂದಿನವನ್ನೆಲ್ಲ ಒಂದೊಂದಾಗಿ ತಡಕುತ್ತಿತ್ತು. ಈ ಎರಡನ್ನು ಸರಿಪಡಿಸಿದರೆ ಕಾಯುವ ಸಮಯ ಸುಮಾರು ಶೇ 70ರಷ್ಟು ಇಳಿಯುತ್ತದೆ ಎಂದು ಆತ ಮಾಡಿ ತೋರಿಸಿದ. ಮರುತಿಂಗಳೇ ರಾಕ್‌ಸ್ಟಾರ್ ಕಂಪನಿ ತಿದ್ದುಪಡಿ ಬಿಡುಗಡೆ ಮಾಡಿತು, ಆತನಿಗೆ 10,000 ಡಾಲರ್ ಬಹುಮಾನವನ್ನೂ ಕೊಟ್ಟಿತು.

ಇಲ್ಲೊಂದು ತಮಾಷೆ ಇದೆ, ಅದನ್ನು ಮುಚ್ಚಿಡಬಾರದು. ಆತ ಕಂಪನಿಯ ಕಿಟಕಿಯಲ್ಲಿ ಅರ್ಜಿ ಹಾಕಿ ಸುಮ್ಮನೆ ಕುಳಿತಿರಲಿಲ್ಲ, ಎಲ್ಲರೂ ನೋಡುವಂತೆ ಬಹಿರಂಗವಾಗಿ ಬರೆದಿದ್ದ. ಬಹಿರಂಗವಾದದ್ದರಿಂದಲೇ ಕಂಪನಿ ಬೇಗ ಎದ್ದು ಕುಳಿತಿತೆಂದು ನನ್ನ ಗುಮಾನಿ. ಹಾಗಾಗಿ ‘ತಕ್ರಾರುಗಳನ್ನೆಲ್ಲ ಅಧಿಕೃತ ಕಿಟಕಿಗೇ ಒಯ್ಯಿರಿ, ಕಟ್ಟೆಯ ಮೇಲೆ ಮಾತಾಡಬೇಡಿ’ ಎಂದು ಕಂಪನಿಗಳು ಹೇಳುವಾಗ ಅದರಲ್ಲಿ ಅರ್ಧ ಸತ್ಯ, ಅರ್ಧ ಅನುಕೂಲ ಇರುತ್ತದೆ. ಬೈಗುಳ ಕಟ್ಟೆಯಿಂದ ಒಳಗೆ ಹೋದರೆ ಕಂಪನಿಯ ಮರ್ಯಾದೆ ಉಳಿಯುತ್ತದೆ.

ಆದರೂ ಒಂದು ಬಗೆಯ ಬಗ್ ಮಾತ್ರ ಕಟ್ಟೆಗೆ ಬರಲೇಬಾರದು. ಗೋಡೆಯೊಳಗೆ ನುಸುಳುವುದು, ಒಂದು ವಸ್ತುವನ್ನು ಎರಡು ಮಾಡಿಕೊಳ್ಳುವುದು ಇತ್ಯಾದಿ, ಗೊತ್ತಾದವನಿಗೆ ಲಾಭ ಕೊಡುವ ಬಗ್‌ಗಳು. ‘ಹೊಸ ಗ್ಲಿಚ್ ನೋಡ್ರಿ’ ಎಂದು ವಿಡಿಯೊ ಹಾಕಿದ ಮರುದಿನ ಎಲ್ಲ ಪಂದ್ಯಗಳಲ್ಲೂ ಅದೇ. 2005ರ ಸೆಪ್ಟೆಂಬರಿನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದಲ್ಲಿ ಒಂದು ವಿಶೇಷ ಪ್ರದೇಶದೊಳಗೆ ಮಾತ್ರ ಇರಬೇಕಿದ್ದ ಸೋಂಕು, ಆಟಗಾರರ ಸಾಕುಪ್ರಾಣಿಗಳ ಮೂಲಕ ನಗರಗಳಿಗೆ ಹರಡಿ ರಾಶಿ ರಾಶಿ ಪಾತ್ರಗಳನ್ನು ಕೊಂದಿತು. ದಾರಿ ತಿಳಿದ ಕೆಲವರು ಬೇಕೆಂದೇ ಹರಡಿದರು. ಕೊನೆಗೆ ಕಂಪನಿ ಸರ್ವರುಗಳನ್ನೇ ಮರಳಿ ಮೊದಲಿನಿಂದ ಶುರು ಮಾಡಬೇಕಾಯಿತು.

ಈಗ ಸೊಲ್ಲಾಪುರದವರೇ ಬರೆಯಬೇಕಾದ, ಬೇರೆ ಯಾರೂ ಬರೆಯಲಾರದ ಒಂದು ಬಗ್ ನೋಡೋಣ.

ಆಟದಲ್ಲಿ ತನ್ನ ಹೆಸರಿನ ಜೊತೆ ಊರಿನ ಹೆಸರು ಹಾಕಿಕೊಳ್ಳುವ ಆಸೆ ಯಾರಿಗಿಲ್ಲ? ಕನ್ನಡದಲ್ಲಿ ‘ಅಕ್ಕಲಕೋಟೆ’ ಎಂದು ಹೊಡೆಯುತ್ತೀರಿ. ವಾಟ್ಸಾಪಿನಲ್ಲಿ ಸರಿಯಾಗಿ ಮೂಡುತ್ತದೆ. ಕೆಲವು ಆಟಗಳಲ್ಲಿ ಅದೇ ಹೆಸರು ‘ಅಕ್‌ಕಲಕೋಟೆ’ ಎಂದು ಒಡೆದು ಕಾಣುತ್ತದೆ. ಸೊಲ್ಲಾಪುರ ‘ಸೊಲ್‌ಲಾಪುರ’ ಆಗುತ್ತದೆ, ಮೈಂದರ್ಗಿ ‘ಮೈಂದರ್‌ಗಿ’ ಆಗುತ್ತದೆ. ಕೆಲವೆಡೆ ಅಕ್ಷರವೇ ಇಲ್ಲದೆ ಬರೀ ಚೌಕಗಳು. ಇವೆರಡೂ ಬೇರೆ ಬೇರೆ ರೋಗ. ಚೌಕ ಕಂಡರೆ ಆಟದ ಫಾಂಟಿನಲ್ಲಿ ಕನ್ನಡ ಅಕ್ಷರಗಳೇ ಇಲ್ಲ ಎಂದು ಅರ್ಥ. ಅಕ್ಷರ ಇದ್ದೂ ಒಡೆದರೆ ಜೋಡಣೆ ಕೆಟ್ಟಿದೆ.

ಜೋಡಣೆ ಎಂದರೇನು? ಯುನಿಕೋಡಿನಲ್ಲಿ ‘ಕ್ಕ’ ಎಂಬುದು ಒಂದು ಚಿಹ್ನೆಯಲ್ಲ, ಮೂರು: ಕ, ಅರ್ಧಾಕ್ಷರದ ಗುರುತು, ಮತ್ತೆ ಕ. ಇವನ್ನು ಓದಿ ಎರಡನೇ ಕಕಾರವನ್ನು ಒತ್ತಾಗಿ ಕೆಳಗಿಳಿಸುವ ಕೆಲಸಕ್ಕೆಂದೇ ಪ್ರತ್ಯೇಕ ತಂತ್ರಾಂಶವಿದೆ. ಆಂಡ್ರಾಯ್ಡ್, ಫೈರ್‌ಫಾಕ್ಸ್‌ಗಳಲ್ಲಿ ಅದನ್ನು ಮಾಡುವುದು ಹಾರ್ಫ್‌ಬಜ್. ಮೈಂದರ್ಗಿಯ ಅರ್ಕಾವತ್ತಿನಲ್ಲಿ ಇನ್ನೂ ಒಂದು ಕಸರತ್ತು: ಮೊದಲು ಉಚ್ಚರಿಸುವ ರಕಾರವನ್ನು ಗಕಾರದ ಆಚೆಗೆ ಒಯ್ದು ಕೂರಿಸಬೇಕು. ಆದರೆ ಬಹುತೇಕ ಆಟಗಳು ಫೋನಿನ ಅಕ್ಷರ ವ್ಯವಸ್ಥೆಯನ್ನು ಬಳಸದೆ ತಮ್ಮದೇ ಎಂಜಿನ್ನಿನಿಂದ ಪರದೆಯ ಮೇಲೆ ಎಲ್ಲವನ್ನೂ ಬರೆಯುತ್ತವೆ. ಮೊಬೈಲ್ ಆಟಗಳಲ್ಲಿ ಬಹಳ ಬಳಕೆಯಲ್ಲಿರುವ ಯೂನಿಟಿ ಎಂಜಿನ್ನಿನ ಅಕ್ಷರ ವ್ಯವಸ್ಥೆ ಬಹುಕಾಲ ಭಾರತೀಯ ಲಿಪಿಗಳ ಈ ಜೋಡಣೆ ಮಾಡುತ್ತಲೇ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳು ಪಕ್ಕ ಪಕ್ಕ ನಿಂತರೆ ಸಾಕು, ಹಾಗಾಗಿ ಅದನ್ನು ಮಾಡಿದವರಿಗೆ ಕೊರತೆ ಕಾಣಲಿಲ್ಲ.

ಸಿಯೋಲ್‌ನಲ್ಲಿ ಕುಳಿತ ಪರೀಕ್ಷಕನಿಗೆ ‘ಅಕ್‌ಕಲಕೋಟೆ’ ನೋಡಿದರೆ ತಪ್ಪೆಂದು ಅನ್ನಿಸುವುದಿಲ್ಲ. ಅವನಿಗೆ ಎರಡೂ ಒಂದೇ, ಅರ್ಥವಾಗದ ಸುಂದರ ಸುರುಳಿಗಳು. ಈ ಬಗ್ ಕಾಣುವ ಕಣ್ಣು ಕನ್ನಡ ಓದುವವರದ್ದು ಮಾತ್ರ. ಸೊಲ್ಲಾಪುರದ ವಿಶೇಷ ಇರುವುದು ಇಲ್ಲೇ. ಇಲ್ಲಿ ಕನ್ನಡ ಒಂದೇ ಅಲ್ಲ. ಮಗ್ಗದ ಪೇಟೆಯ ಪದ್ಮಶಾಲಿಗಳ ಮನೆಯಲ್ಲಿ ತೆಲುಗು, ಬಾಜಾರಿನಲ್ಲಿ ಮರಾಠಿ, ಎರಡು ಗಲ್ಲಿ ಆಚೆ ಉರ್ದು. ಜೋಡಣೆ ಕೆಟ್ಟ ಆಟದಲ್ಲಿ ತೆಲುಗಿನ ಒತ್ತೂ ಒಡೆಯುತ್ತದೆ, ಮರಾಠಿಯಲ್ಲಿ ಅಕ್ಷರದ ಎಡಕ್ಕೆ ಬರಬೇಕಾದ ಇಕಾರದ ಗುರುತು ಬಲಕ್ಕೆ ಹೋಗಿ ನಿಲ್ಲುತ್ತದೆ, ಉರ್ದು ಅಕ್ಷರಗಳು ಕೈ ಕೈ ಹಿಡಿಯದೆ ಬಿಡಿ ಬಿಡಿಯಾಗುತ್ತವೆ. ರೋಗ ಒಂದೇ. ಒಂದೇ ಓಣಿಯ ನಾಲ್ವರು ಗೆಳೆಯರು ನಾಲ್ಕು ಪರದೆಚಿತ್ರ ತೆಗೆದು, ಪಕ್ಕದಲ್ಲಿ ವಾಟ್ಸಾಪಿನ ಸರಿಯಾದ ರೂಪ ಇಟ್ಟು, ‘ಫಾಂಟ್ ಇದೆ, ಜೋಡಣೆ ಇಲ್ಲ’ ಎಂಬ ಒಂದು ಸಾಲು ಸೇರಿಸಿ ಒಂದೇ ವರದಿಯಲ್ಲಿ ಕಳಿಸಿದರೆ, ಅದು ಯಾವ ಕಂಪನಿಗೂ ಸುಲಭವಾಗಿ ತಳ್ಳಿಹಾಕಲಾಗದ ವರದಿ. ಭಾಷೆಯ ಜಗಳಕ್ಕೆ ಹೆಸರಾದ ಗಡಿಯಲ್ಲಿ ಇಂಥ ಜಂಟಿ ಅರ್ಜಿ ನೋಡಬೇಕೆಂಬ ಆಸೆ ನನ್ನದು.

ವರದಿಯ ಭಾಷೆ ಯಾವುದಿರಬೇಕು? ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ಓದಿದ ಹುಡುಗ ಇಂಗ್ಲಿಷ್ ಕಿಟಕಿ ನೋಡಿ ಹಿಂದೆ ಸರಿಯುವುದು ಸಹಜ. ಪರದೆ ರೆಕಾರ್ಡ್ ಮಾಡಿದ ಅರ್ಧ ನಿಮಿಷದ ವಿಡಿಯೊಗೆ ಭಾಷೆ ಬೇಕಿಲ್ಲ. ಉಳಿದದ್ದನ್ನು ಸಣ್ಣ ಸಣ್ಣ ವಾಕ್ಯಗಳಲ್ಲಿ ಕನ್ನಡದಲ್ಲೇ ಬರೆದು, ಅದರ ಯಂತ್ರಾನುವಾದವನ್ನೂ ಕೆಳಗೆ ಅಂಟಿಸಬಹುದು. ಉದ್ದ ವಾಕ್ಯ ಬರೆದರೆ ಯಂತ್ರ ತಪ್ಪುತ್ತದೆ, ‘ಆಟ ಸತ್ತುಬಿಟ್ಟಿತು’ ಎಂಬಂಥ ಮಾತು ಬರೆದರೆ ಇನ್ನೂ ತಪ್ಪುತ್ತದೆ.

ಕಟ್ಟೆಯಿಂದ ಕಚೇರಿಗೆ ತಕ್ರಾರು ಸಾಗಿಸುವ ಕೆಲಸ ಕನ್ನಡಿಗರಿಗೆ ಹೊಸದೇನೂ ಅಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಕೂಡಿ ಮಾತಾಡುವ ಪುಟದ ಹೆಸರು ಅರಳಿ ಕಟ್ಟೆ. ಅಲ್ಲಿ ‘ಹೀಗೊಂದು ತೊಂದರೆ’ ಎಂದು ಒಬ್ಬರು ಹೇಳಿದರೆ ಇನ್ನೊಬ್ಬರು ತಮ್ಮಲ್ಲಿ ಪರೀಕ್ಷಿಸುತ್ತಾರೆ. ತಾಂತ್ರಿಕ ದೋಷ ಎಂದು ಖಾತ್ರಿಯಾದರೆ ಇಂಗ್ಲಿಷ್ ಬಲ್ಲವರೊಬ್ಬರು ಅದನ್ನು ವಿಕಿಮೀಡಿಯದ ಅಧಿಕೃತ ದೋಷಪಟ್ಟಿಗೆ ಒಯ್ಯುತ್ತಾರೆ. ಆ ಪಟ್ಟಿಯೇ 2014ರ ನವೆಂಬರಿನಲ್ಲಿ ಬಗ್‌ಜಿಲ್ಲಾ ಎಂಬ ಹಳೆಯ ಮನೆಯಿಂದ ಫ್ಯಾಬ್ರಿಕೇಟರ್ ಎಂಬ ಹೊಸ ಮನೆಗೆ ಹೋಯಿತು. ಹೋಗುವಾಗ ಅವರು ಮಾಡಿದ ಒಂದು ಸಣ್ಣ ಜಾಣತನ ನನಗೆ ಬಹಳ ಇಷ್ಟ. ಹಳೆಯ ಪ್ರತಿ ತಕ್ರಾರಿನ ನಂಬರಿಗೆ 2000 ಕೂಡಿಸಿದರೆ ಹೊಸ ನಂಬರ್ ಸಿಗುವಂತೆ ಇಟ್ಟರು. ಹತ್ತು ವರ್ಷ ಹಿಂದೆ ಅರ್ಜಿ ಕೊಟ್ಟವನ ಪೋಚ್ ಕೂಡ ವ್ಯರ್ಥವಾಗಲಿಲ್ಲ. ಮೈನ್‌ಕ್ರಾಫ್ಟ್ ಆಟದವರೂ 2012ರಿಂದ ಬಹಿರಂಗ ದೋಷಪಟ್ಟಿ ನಡೆಸುತ್ತ ಬಂದಿದ್ದಾರೆ. ಪ್ರತಿ ಬಗ್ಗಿಗೂ ಎಂಸಿ ಎಂದು ಶುರುವಾಗುವ ನಂಬರ್, ಒಂದೇ ಬಗ್ಗನ್ನು ಎರಡನೇ ಸಲ ಬರೆದರೆ ಅದನ್ನು ಮೊದಲಿನದಕ್ಕೆ ಜೋಡಿಸಿ ಮುಚ್ಚುವ ಸ್ವಯಂಸೇವಕರು. ಮೊಬೈಲ್ ಆಟದ ಕಂಪನಿಗಳು ಇಂಥ ಬಹಿರಂಗ ಪಟ್ಟಿ ಇಡದೆ ಬರೀ ಮುಚ್ಚಿದ ಕಿಟಕಿ ಇಡುವುದೇ ಅವುಗಳ ದೊಡ್ಡ ಕೊರತೆ. ನನ್ನ ತಕ್ರಾರು ಇನ್ನೊಬ್ಬನದೂ ಹೌದೇ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ತಿಳಿಯುವ ದಾರಿ ಇಲ್ಲದ ಕಡೆ ಜನ ಮತ್ತೆ ಯೂಟ್ಯೂಬಿಗೇ ಓಡುತ್ತಾರೆ.

ಹಾಗಾಗಿ ವಾಟ್ಸಾಪ್ ಗುಂಪು ಮುಚ್ಚಬೇಕಿಲ್ಲ, ಅದರ ಕೆಲಸ ಬದಲಾಗಬೇಕು. ‘ನಂದೂ ಹಂಗ’ ಎನ್ನುವವನು ಫೋನಿನ ಮಾದರಿಯನ್ನೂ ಹೇಳಿದರೆ ಅದು ಗೊಣಗಾಟವಾಗಿ ಉಳಿಯದೆ ಸಾಕ್ಷಿಯಾಗುತ್ತದೆ. ಮೂರು ಬೇರೆ ಬೇರೆ ಫೋನುಗಳಲ್ಲಿ ಆದರೆ ಬಹುಶಃ ಆಟದ ತಪ್ಪು, ಒಂದೇ ಮಾದರಿಯಲ್ಲಿ ಆದರೆ ಆ ಮಾದರಿಗೆ ಆಟ ಹೊಂದಿಲ್ಲ. ಇದನ್ನು ಗುಂಪು ಹತ್ತು ನಿಮಿಷದಲ್ಲಿ ಕಂಡುಹಿಡಿಯಬಲ್ಲದು, ಒಬ್ಬನಿಗೆ ಆಗದು. ಸರದಿಯಂತೆ ಒಬ್ಬ ಬರೆಯುವವನಿರಲಿ, ಒಂದು ವರದಿಯಲ್ಲಿ ಒಂದೇ ಬಗ್ ಇರಲಿ, ಸಿಕ್ಕ ನಂಬರನ್ನು ಗುಂಪಿನ ಮೇಲ್ಭಾಗದಲ್ಲಿ ಪಿನ್ ಮಾಡಲಿ.

ಹಣದ ವಿಷಯ ಬಗ್‌ಗಳ ಜೊತೆ ಬೆರೆಸಬಾರದು. ಆಟದೊಳಗಿನ ನಾಣ್ಯಗಳಾದ ಯುಸಿ, ಡೈಮಂಡ್ ಕೊಂಡು ಹಣ ಹೋಗಿ ವಸ್ತು ಬರದಿದ್ದರೆ ಬೇಕಾಗುವುದು ಗೂಗಲ್ ಪ್ಲೇ ಕಳಿಸುವ ರಸೀದಿಯಲ್ಲಿರುವ, ಜಿಪಿಎ ಎಂದು ಶುರುವಾಗುವ ಆರ್ಡರ್ ನಂಬರ್. ಕೊಂಡು 48 ಗಂಟೆಯೊಳಗಾದರೆ ಗೂಗಲ್ಲಿಗೇ ಹಣ ವಾಪಸಿಗೆ ಕೇಳಬಹುದು, ಆಮೇಲಾದರೆ ಆಟದ ಕಂಪನಿಯ ಬಾಗಿಲು. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದು ಕನ್ನಡ, ಮರಾಠಿ, ತೆಲುಗು ಸೇರಿ 17 ಭಾಷೆಗಳಲ್ಲಿ ಮಾತಾಡುತ್ತದೆ, ಸೊಲ್ಲಾಪುರಕ್ಕೆ ಹೇಳಿ ಮಾಡಿಸಿದಂತಿದೆ. 2021ರ ಐಟಿ ನಿಯಮಗಳ ಪ್ರಕಾರ ಆನ್‌ಲೈನ್ ವೇದಿಕೆಗಳು ಕುಂದುಕೊರತೆ ಅಧಿಕಾರಿಯ ಹೆಸರು ಪ್ರಕಟಿಸಬೇಕು, ದೂರು ತಲುಪಿದೆ ಎಂದು 24 ಗಂಟೆಯೊಳಗೆ ತಿಳಿಸಬೇಕು, ಗೊತ್ತುಪಡಿಸಿದ ಅವಧಿಯೊಳಗೆ ಇತ್ಯರ್ಥ ಮಾಡಬೇಕು. ಜೀಪಿನಿಂದ ಇಳಿದಾಗ ಪರದೆ ಕಪ್ಪಾಯಿತು ಎಂಬುದಕ್ಕೆಲ್ಲ ಕಾನೂನು ಮದ್ದು ಕೊಡುವುದಿಲ್ಲ. ಖಾತೆ, ಹಣ, ಕಿರುಕುಳದ ಮಾತು ಬೇರೆ.

ಇನ್ನು ಕಳ್ಳ ಕಿಟಕಿಗಳು. ‘ಐಡಿ ಬ್ಯಾನ್ ತೆಗೆಸಿಕೊಡುತ್ತೇವೆ’, ‘ಅಧಿಕೃತ ಸಹಾಯವಾಣಿ’ ಎಂದು ಹುಡುಕಾಟದಲ್ಲಿ ಸಿಗುವ ಫೋನ್ ನಂಬರುಗಳಿಗೆ ಕರೆ ಮಾಡಿ ಒಟಿಪಿ ಹೇಳಿ ಖಾತೆ ಕಳೆದುಕೊಂಡವರು ಎಲ್ಲ ಊರುಗಳಲ್ಲೂ ಇದ್ದಾರೆ. ಆಟದ ಸೆಟ್ಟಿಂಗ್ಸ್ ಒಳಗಿನಿಂದ ತೆರೆಯುವ ಸಹಾಯ ಪುಟವೊಂದೇ ನಂಬಿಕೆಗೆ ಯೋಗ್ಯ. ಹಣ ಹೋಗಿಯೇ ಬಿಟ್ಟರೆ ತಡಮಾಡದೆ ಸೈಬರ್ ಅಪರಾಧದ 1930ಕ್ಕೆ ಕರೆ ಮಾಡಬೇಕು. ಅಪ್ಪನ ಫೋನ್‌ಪೇಯಿಂದ ಹೋದ ಹಣವನ್ನು ಅಪ್ಪನಿಗೆ ಹೇಳದೆ ಮುಚ್ಚಿಡುವುದರಲ್ಲೇ ಹೆಚ್ಚಿನ ಹೊತ್ತು ಕಳೆದುಹೋಗುತ್ತದೆ.

ವರದಿ ಕಳಿಸಿದ ಮೇಲೂ ಒಂದು ಕೆಲಸ ಬಾಕಿ ಇದೆ, ಅದನ್ನು ಮಾಡುವವರು ಕಡಿಮೆ. ಕಂಪನಿಗಳು ಅಪ್‌ಡೇಟಿನ ಜೊತೆ ಏನೇನು ತಿದ್ದಿದೆವು ಎಂದು ಒಂದು ಪಟ್ಟಿ ಕೊಡುತ್ತವೆ. ಹುಡುಗರು ಅದರಲ್ಲಿ ಹೊಸ ಬಂದೂಕಿನ ಸಾಲು ಓದಿ ಉಳಿದದ್ದು ಬಿಡುತ್ತಾರೆ. ತಮ್ಮ ಬಗ್ ಅಲ್ಲಿ ಇದೆಯೇ ನೋಡಬೇಕು. ಇದ್ದರೆ ಅದೇ ಫೋನಿನಲ್ಲಿ, ಅದೇ ಹೆಜ್ಜೆಗಳನ್ನು ಮತ್ತೆ ಮಾಡಿ, ಸರಿಯಾಗಿದ್ದರೆ ಹಳೆಯ ನಂಬರಿನ ಕೆಳಗೆ ಸರಿಯಾಯಿತೆಂದು ಬರೆಯಬೇಕು. ಪಟ್ಟಿಯಲ್ಲಿದ್ದೂ ಸರಿಯಾಗಿರದಿದ್ದರೆ ಹೊಸ ತಕ್ರಾರು ಬೇಡ, ಹಳೆಯ ನಂಬರನ್ನೇ ಹಿಡಿದು, ಹೊಸ ಆವೃತ್ತಿಯ ಸಂಖ್ಯೆ ಸೇರಿಸಿ ಮತ್ತೆ ಹೋಗಬೇಕು.